ಮಾವನವರ ಮುಖ ಹತ್ತಿರ ಬರಬೇಕಿತ್ತು

"ಈ ಸಲ ಶಾಲು ಗೀಲು ಏನೂ ಬೇಡ. ಅತ್ತೆಯ ಎಂಬತ್ತನೇ ಹುಟ್ಟುಹಬ್ಬಕ್ಕೆ ನಾನೊಂದು ಸಿನಿಮಾನೇ ಮಾಡಿ ತೋರಿಸ್ತೀನಿ!"

ಹೀಗೆಂದು ಘೋಷಿಸಿದವರು ಆ ಮನೆಯ ಹಿರಿಯ ಅಳಿಯ. ಬಂಧುಬಳಗದಲ್ಲೆಲ್ಲ ಅವರಿಗೆ 'ಟೈಮರ್ ಅಳಿಯ' ಎಂದೇ ಹೆಸರು. ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾದ ಟೈಮರ್ ಒತ್ತಿ, ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಫೋಟೋದ ಬಲತುದಿಯಲ್ಲಿ ನಿಲ್ಲುವುದು ಇಪ್ಪತ್ತೈದು ವರ್ಷಗಳಿಂದ ಅವರದೇ ಹಕ್ಕು.

ಹೆಂಡತಿ ಕೇಳಿದ್ದು ಒಂದೇ. "ಅಪ್ಪ ಹೋಗಿ ವರ್ಷ ಆಯ್ತು. ಅಮ್ಮನಿಗೆ ದೂರದ್ದು ಕಾಣಲ್ಲ. ಗೋಡೆ ಮೇಲಿರೋ ಫೋಟೋದಲ್ಲಿ ಅಪ್ಪ ನಗ್ತಿರೋದೂ ಅವಳಿಗೆ ತಿಳಿಯಲ್ಲ. ಅಪ್ಪನ ಮುಖ ಹತ್ತಿರ ಬರೋ ಹಾಗೆ ಮಾಡಿ, ಸಾಕು."

"ಅಷ್ಟೇ ತಾನೆ? ಅದಕ್ಕೇ ಕೀಫ್ರೇಮ್ ಇರೋದು!"

ಸ್ಲೈಡ್‌ಶೋ ಸಾಫ್ಟ್‌ವೇರಿನಲ್ಲಿ ಅವರು ಹೊಸದಾಗಿ ಕಲಿತ ವಿದ್ಯೆ ಅದು. ಫೋಟೋ ಮೊದಲು ಹೇಗಿರಬೇಕು, ಕೊನೆಗೆ ಯಾವ ಜಾಗ ದೊಡ್ಡದಾಗಿ ಕಾಣಬೇಕು ಎಂದು ಎರಡು ಗುರುತು ಹಾಕಿದರೆ, ನಡುವಿನ ನಡಿಗೆಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಮೊದಲ ಫೋಟೋ ಅತ್ತೆಯ ಶಾಲೆಯದು. ಬಲತುದಿಯಲ್ಲಿ ಎರಡು ಜಡೆಯ ಹುಡುಗಿಯಾಗಿ ಅತ್ತೆ. ಚಿತ್ರ ಮೆಲ್ಲನೆ ಆ ಮುಖಕ್ಕೆ ಹೋಗಿ ನಿಲ್ಲುವಂತೆ ಮಾಡಲು ಎರಡೂವರೆ ವಾರ ಹಿಡಿಯಿತು. ಅದನ್ನೇ ಹೆಂಡತಿಗೆ ಹದಿನೇಳು ಸಲ ತೋರಿಸಿದರು.

"ಚೆನ್ನಾಗಿದೆ ರೀ. ಅಪ್ಪ ಯಾವಾಗ ಬರ್ತಾರೆ?"

"ಇನ್ನೂ ನಲವತ್ತೊಂದು ಫೋಟೋ ಇದೆ ಕಣೇ, ಎಲ್ಲ ನಾನೇ ಟೈಮರ್ ಒತ್ತಿ ತೆಗೆದದ್ದು. ನೋಡ್ತಾ ಇರು."

ಉಳಿದದ್ದು ಮೂರೇ ದಿನ. ನೀರು ಸರಬರಾಜು ಕಚೇರಿಯಲ್ಲಿ ಅವರು ನಕ್ಷೆ ಬರೆಯುವವರು. ಒಂದು ಮನೆಯ ನಲ್ಲಿಯ ನಕ್ಷೆ ಬರೆದು, ಬೀದಿಯ ಉಳಿದ ಮನೆಗಳಿಗೆಲ್ಲ ಅದನ್ನೇ ನಕಲು ಮಾಡಿ ಅಂಟಿಸುವುದು ಅಲ್ಲಿನ ವಾಡಿಕೆ. ಇಲ್ಲೂ ಹಾಗೇ ಮಾಡಿದರು. ಮೊದಲ ಫೋಟೋದ ಕೀಫ್ರೇಮ್‌ಗಳನ್ನು ನಲವತ್ತೊಂದಕ್ಕೂ ಅಂಟಿಸಿದರು. ಎಲ್ಲ ಫೋಟೋಗಳೂ ಚಲಿಸತೊಡಗಿದವು. ಎಲ್ಲಿಗೆ ಚಲಿಸುತ್ತವೆ ಎಂದು ಕೂತು ನೋಡುವ ವ್ಯವಧಾನ ಮಾತ್ರ ಅವರಿಗಿರಲಿಲ್ಲ. ಆ ಹತ್ತು ನಿಮಿಷಕ್ಕಾಗಿ ಅವರು ಈಗಲೂ ಕೊರಗುತ್ತಾರೆ.

ಹುಟ್ಟುಹಬ್ಬದ ದಿನ ಅತ್ತೆಯನ್ನು ಟಿ.ವಿ.ಗೆ ಮಾರು ದೂರದಲ್ಲಿ ಕೂರಿಸಿದರು. ಎರಡು ಜಡೆಯ ಹುಡುಗಿ ಹತ್ತಿರ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡನೇ ಫೋಟೋದ ನಡುವೆ ಮಾವ ನಿಂತಿದ್ದರು. ಚಿತ್ರ ಮೆಲ್ಲನೆ ಅವರನ್ನು ದಾಟಿ ಬಲತುದಿಗೆ ಹೋಗಿ ನಿಂತಿತು. ಅಲ್ಲಿ ಏದುಸಿರು ಬಿಡುತ್ತಿದ್ದ ಟೈಮರ್ ಅಳಿಯಂದಿರು ಟಿ.ವಿ. ತುಂಬ ಕಂಡರು. ಮೂರನೇ ಫೋಟೋದಲ್ಲೂ ಮಾವ ಪಕ್ಕಕ್ಕೆ ಸರಿದರು, ಅಳಿಯಂದಿರು ಒಂದೇ ಚಪ್ಪಲಿಯಲ್ಲಿ ಬಂದರು. ನಾಲ್ಕನೆಯದರಲ್ಲಿ ಕಣ್ಣು ಮುಚ್ಚಿಕೊಂಡು ಬಂದರು.

"ಭಾವ, ಹುಟ್ಟುಹಬ್ಬ ಅಮ್ಮಂದಾ, ನಿಮ್ಮದಾ?" ಎಂದಳು ನಾದಿನಿ. ನಿಲ್ಲಿಸೋಣವೆಂದರೆ ರಿಮೋಟ್ ಅವಳ ಕೈಯಲ್ಲಿತ್ತು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಂಡತಿ ನಗಲಿಲ್ಲ. "ಅಪ್ಪನ್ನ ಪ್ರತಿ ಸಲವೂ ಹೊರಗೆ ದೂಡಿದ್ರಲ್ಲ ರೀ," ಎಂದಳು, ಅವರಿಗಷ್ಟೇ ಕೇಳುವಂತೆ. ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಕೊನೆಯದು ಗೋಡೆಯ ಮೇಲಿದ್ದ ಅದೇ ಫೋಟೋ. ಕುರ್ಚಿಯಲ್ಲಿ ಮನಸಾರೆ ನಗುತ್ತಿದ್ದ ಮಾವ ಎಡಕ್ಕೆ ಜಾರಿ ಮರೆಯಾದರು. ಓಡಿಬರುತ್ತಿದ್ದ ಅಳಿಯನ ಅರ್ಧ ಮುಖ, ತೆರೆದ ಬಾಯಿ ಉಳಿದವು.

"ಅವರೆಲ್ಲಿ?" ಎಂದು ಅತ್ತೆ ಕೇಳಿದರು. ನಗು ನಿಂತಿತು.

"ತಪ್ಪಾಯ್ತು ಅತ್ತೆ. ಇನ್ನೊಂದು ವಾರ ಕೊಡಿ, ಪ್ರತಿ ಫೋಟೋಗೂ ಬೇರೆ ಬೇರೆ ಕೀಫ್ರೇಮ್ ಹಾಕಿ..."

ಹೆಂಡತಿ ಆಗಲೇ ಸ್ಟೂಲು ಹತ್ತಿದ್ದಳು. ಗೋಡೆಯ ಫೋಟೋ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಅಮ್ಮನ ಕಣ್ಣೆದುರು ಹಿಡಿದು ನಿಧಾನವಾಗಿ ಹತ್ತಿರ ತಂದಳು. ಗೇಣಷ್ಟು ದೂರಕ್ಕೆ ಬಂದಾಗ ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದರು.

"ನಗ್ತಿದಾರೆ," ಎಂದರು. ತುಂಬ ಹೊತ್ತು ನೋಡಿದರು. "ನಿಮ್ಮ ಓಟ ನೋಡೇ ನಗ್ತಿದಾರೆ."

ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು:

"ಇಷ್ಟಕ್ಕೆ ಮೂರು ವಾರ ಬೇಕಾಯ್ತಾ ಅಳಿಯಂದ್ರೇ?"