ತಾರಸಿಗೆ ಹದಿನಾರು ಅಂಕ

ಎಲ್ಲದಕ್ಕೂ ಮೂಲ ಆ ನೀಲಿ ಡ್ರಮ್ಮು. ಎಂಟು ಮನೆಗಳ ಕಸವನ್ನೆಲ್ಲ ನುಂಗುತ್ತಿದ್ದ ಅದು ಮೂರು ವರ್ಷಗಳಿಂದ ಮೆಟ್ಟಿಲ ಬುಡದಲ್ಲಿ, ನೆಲಮಹಡಿಯ ಚಾಳೀಸಪ್ಪನ ಅಡಿಗೆಮನೆ ಕಿಟಕಿಗೆ ಆತುಕೊಂಡು ನಿಂತಿತ್ತು. ಕಿಟಕಿ ತೆಗೆದರೆ ನಾತ, ಮುಚ್ಚಿದರೆ ಸೆಕೆ. ಪಾಪ, ಅವನ ಹೆಂಡತಿ ಮೂರು ವರ್ಷದಿಂದ ಹೊಗೆಯಲ್ಲೇ ಕೆಮ್ಮುತ್ತ ಅಡಿಗೆ ಮಾಡುತ್ತಿದ್ದಳು.

ಚಾಳೀಸಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನದು ಕನ್ನಡಕದ ಅಂಗಡಿ. ನಲವತ್ತು ದಾಟಿದವರು ಯಾರೇ ಸಿಗಲಿ, "ನಿಮಗೆ ಚಾಳೀಸು ಬಂದಿದೆ" ಎನ್ನುತ್ತಿದ್ದುದರಿಂದ ಆ ಹೆಸರು ಅವನಿಗೇ ಅಂಟಿಕೊಂಡಿತ್ತು. ಡ್ರಮ್ಮು ಎಲ್ಲಿರಬೇಕೆಂದು ಕಟ್ಟಡದವರು ನಾಲ್ಕು ಸಲ ಸಭೆ ಸೇರಿ ಕೈ ಎತ್ತಿದ್ದರು. ನಾಲ್ಕು ಸಲವೂ ಅವನು ಸೋತಿದ್ದ.

ನಾಲ್ಕನೇ ಸೋಲಿನ ಮರುದಿನವೇ ಅವನು ಫೋನಿನಲ್ಲಿ ಗೇಮ್ ಥಿಯರಿ ಕಲಿಯಲು ಸೇರಿಕೊಂಡ. ಅದೂ ಅಡ್ವಾನ್ಸ್‌ಡ್. ನಾಲ್ಕು ಜನ ಸೇರಿದಲ್ಲಿ ತೀರ್ಮಾನ ಹೇಗಾಗುತ್ತದೆ, ಒಬ್ಬನ ಲೆಕ್ಕಾಚಾರ ಇನ್ನೊಬ್ಬನದಕ್ಕೆ ಹೇಗೆ ಅಡ್ಡಗಾಲು ಹಾಕುತ್ತದೆ ಎಂಬ ವಿದ್ಯೆ. ಹನ್ನೆರಡು ಪಾಠಗಳಲ್ಲಿ ಹತ್ತು ಮುಗಿದು, ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆರಡು ಬಂದಿತ್ತು. ಆ ಅಂಕಪಟ್ಟಿಗೆ ಕಟ್ಟು ಹಾಕಿಸಿ, ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಫಲಕದ ಪಕ್ಕದಲ್ಲೇ ತೂಗುಹಾಕಿದ್ದ. ಗಿರಾಕಿಗಳು ಫಲಕದ ಕೊನೆಯ ಸಾಲು ಓದಿದ ಮೇಲೆ ಅದನ್ನೂ ಓದಬೇಕಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದನೇ ಸಭೆ. ಚಾಳೀಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೇಟಿನ ಬಳಿ ಎದ್ದು ನಿಂತ.

"ಕೈ ಎತ್ತೋದು ಹಳೇ ಕಾಲದ ಪದ್ಧತಿ. ನಾಲ್ಕು ಜಾಗ ಇದೆ. ಕಿಟಕಿ ಪಕ್ಕ, ಗೇಟ್ ಹತ್ರ, ಸ್ಕೂಟರ್ ಶೆಡ್, ಮತ್ತೆ ತಾರಸಿ. ಇಷ್ಟವಾದ ಜಾಗಕ್ಕೆ ಮೂರು ಅಂಕ, ಆಮೇಲಿಂದಕ್ಕೆ ಎರಡು, ಒಂದು, ಸೊನ್ನೆ. ಚೀಟೀಲಿ ಬರೆದು ಕೊಡಿ."

"ತಾರಸಿ ಯಾಕಪ್ಪಾ?" ಎಂದರು ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು. "ನಾಲ್ಕನೇ ಮಹಡಿ ದಾಟಿ ಯಾರು ಹತ್ತುತಾರೆ?"

"ಸುಮ್ನೆ ಲೆಕ್ಕಕ್ಕೆ ಸಾರ್. ಯಾರೂ ಅದಕ್ಕೆ ಮೊದಲನೇ ಅಂಕ ಕೊಡಲ್ಲ ಬಿಡಿ."

ಲೆಕ್ಕ ಇದ್ದದ್ದೇ ಅಲ್ಲಿ. ಆರನೇ ಪಾಠದ ಪ್ರಕಾರ, ಕೆಲಸಕ್ಕೆ ಬಾರದ ಒಂದು ಹೆಸರನ್ನು ನಡುವೆ ತೂರಿಸಿದರೆ ಅದು ಎದುರಾಳಿಯ ಅಂಕಗಳನ್ನು ತಿಂದುಹಾಕುತ್ತದೆ. ತಾರಸಿಯು ಕಿಟಕಿಯ ಅಂಕ ತಿನ್ನಬೇಕು, ಗೇಟು ಗೆಲ್ಲಬೇಕು. ಆದರೆ ಉಳಿದ ಏಳು ಮನೆಯವರೂ ಪಾಠ ಓದದೆಯೇ ಅದೇ ಲೆಕ್ಕ ಹಾಕಿದರು. ತಮ್ಮ ಮನೆ ಹತ್ತಿರದ ಜಾಗಕ್ಕೆ ಅಂಕ ಬೀಳದಿರಲೆಂದು ಪ್ರತಿಯೊಬ್ಬರೂ ತಾರಸಿಗೆ ಎರಡೆರಡು ಕೊಟ್ಟರು. ಚೀಟಿ ಬಿಚ್ಚಿದಾಗ ಕಿಟಕಿಗೆ ಹನ್ನೆರಡು, ಗೇಟಿಗೆ ಹನ್ನೊಂದು, ಶೆಡ್ಡಿಗೆ ಒಂಬತ್ತು. ಯಾರೊಬ್ಬರೂ ಬಯಸದ ತಾರಸಿಗೆ ಹದಿನಾರು.

ಒಂದು ಕ್ಷಣ ಚಾಳೀಸಪ್ಪನಿಗೂ ಗರ ಬಡಿದಂತಾಯಿತು. ಮರುಕ್ಷಣ ಅವನ ಎದೆ ಉಬ್ಬಿತು. ಗೇಟು ಸೋತರೇನು, ಕಿಟಕಿಯಂತೂ ಪಾರಾಯಿತಲ್ಲ.

"ನಾನು ಅಂದುಕೊಂಡಿದ್ದೂ ಇದೇ" ಎಂದ.

"ಓದಿದೋರು ಓದಿದೋರೇ" ಎಂದರು ಮೊದಲ ಮಹಡಿಯ ಹೊಲಿಗೆ ಅಕ್ಕ. ಮೂರನೇ ಮಹಡಿಯ ಬಸ್ ಕಂಡಕ್ಟರ್ ಡ್ರಮ್ಮಿಗೆ ಹಗ್ಗ ಕಟ್ಟಿ ಮೇಲಿನಿಂದ ಎಳೆದ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅದು ತಾರಸಿಯಲ್ಲಿ ಆಕಾಶ ನೋಡುತ್ತ ನಿಂತಿತ್ತು.

ಚಾಳೀಸಪ್ಪ ಮನೆಯೊಳಗೆ ಬಂದು ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟು ಕಿಟಕಿ ತೆಗೆದ. ಗಾಳಿ ನುಗ್ಗಿತು. ಹೆಂಡತಿ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಳು. ಮದುವೆಯಾದ ಮೇಲೆ ಅವಳಿಗೆ ತನ್ನಿಂದ ಇಂಥದೊಂದು ಸುಖ ಸಿಕ್ಕಿದ್ದು ಇದೇ ಮೊದಲು ಅನ್ನಿಸಿತು ಅವನಿಗೆ.

"ಚೆನ್ನಾಗಿದೆ ರೀ" ಎಂದಳು ಅವಳು. "ಆದ್ರೆ ಅಷ್ಟು ಮೇಲೆ ಕಸ ಹೊತ್ಕೊಂಡು ಹೋಗೋರ್ಯಾರು?"

"ಅದು ಹನ್ನೊಂದನೇ ಪಾಠ ಕಣೇ. ನಾನಿನ್ನೂ ಹತ್ತೇ ಮುಗಿಸಿರೋದು."

"ಹಾಗಾದ್ರೆ ಮೊದ್ಲು ಇದನ್ನ ತಗೊಂಡು ಹೋಗಿ." ಅವಳು ಕಸದ ಚೀಲವನ್ನು ಕೈಗಿತ್ತಳು.

ಮಂಡಿನೋವಿನ ಮನುಷ್ಯ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟ. ಮೇಲೆ ಇನ್ನೂ ಎರಡು ಮಹಡಿ, ಆಮೇಲೆ ತಾರಸಿಯ ಕಬ್ಬಿಣದ ಏಣಿ. ಅವನು ಸುತ್ತ ನೋಡಿದ. ಒಂದು ಚೀಲ ತಾನೇ, ಸಂಜೆ ಬಿಸಿಲಿಳಿದ ಮೇಲೆ ಹತ್ತಿದರಾಯಿತು ಎಂದು ಇಳಿದು ಬಂದು, ಮೆಟ್ಟಿಲ ಬುಡದಲ್ಲಿ ಡ್ರಮ್ಮಿದ್ದ ಜಾಗದ ಮೂಲೆಗೆ ಅದನ್ನು ತಳ್ಳಿದ. ಊಟ ಮಾಡಿ, ತೆರೆದ ಕಿಟಕಿಯ ಗಾಳಿಗೆ ಮಲಗಿದವನಿಗೆ ಐದೂವರೆಯವರೆಗೆ ಎಚ್ಚರವಾಗಲಿಲ್ಲ.

ಎಚ್ಚರವಾದದ್ದು ನಾತಕ್ಕೆ. ಎದ್ದು ಹೋಗಿ ನೋಡಿದರೆ ಹೆಂಡತಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಕಿಟಕಿಯ ಹೊರಗೆ ಎಂಟು ಚೀಲಗಳಿದ್ದವು. ಮೊದಲು ಡ್ರಮ್ಮಿಗೆ ಮುಚ್ಚಳವಾದರೂ ಇತ್ತು.

ಅವನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಾಡಿದ. ಎಲ್ಲರೂ ಬಂದರು.

"ತೀರ್ಮಾನ ಆದ ದಿನಾನೇ ಇಲ್ಲಿ ತಂದು ಹಾಕಿದೀರಲ್ಲ, ನಿಮಗೆ ಸ್ವಲ್ಪನಾದ್ರೂ ಮರ್ಯಾದೆ ಇದೆಯಾ?"

"ಬಯ್ಯಬೇಡಿ ಸಾರ್" ಎಂದ ಕಂಡಕ್ಟರ್. "ನಾನು ಚೀಲ ಹಿಡ್ಕೊಂಡು ಮೇಲಕ್ಕೆ ಹೊರಟಿದ್ದೆ. ಇಲ್ಲಿ ಒಂದು ಚೀಲ ಆಗಲೇ ಇತ್ತು."

"ಯಾವನೋ ಸೋಮಾರಿ ಇಟ್ಟಿದ್ದು. ಅದನ್ನ ನೋಡಿ ನೀವೂ ಇಡೋದಾ?"

ಹೆಡ್‌ಮಾಸ್ತರು ಬಗ್ಗಿ, ಮೂಲೆಯ ಚೀಲದಿಂದ ಇಣುಕುತ್ತಿದ್ದ ಹಾಳೆಯೊಂದನ್ನು ಎರಡು ಬೆರಳಲ್ಲಿ ಎಳೆದರು. ಮೇಲೆ ಚಾಳೀಸಪ್ಪನ ದುಂಡು ಅಕ್ಷರದಲ್ಲಿ "ಆರನೇ ಪಾಠ" ಎಂದಿತ್ತು. ಕೆಳಗೆ ಕಿಟಕಿ, ಗೇಟು, ಶೆಡ್ಡು, ತಾರಸಿ, ಅಂಕಗಳ ಕೋಷ್ಟಕ.

"ನಾವೂ ಇದನ್ನ ನೋಡಿದ್ವಪ್ಪಾ" ಎಂದರು ಅವರು, ಸಮಾಧಾನವಾಗಿ. "ಅಷ್ಟು ಓದಿದ ನೀನೇ ಇಲ್ಲಿಟ್ಟಿದೀಯ ಅಂದ್ಮೇಲೆ ಏನೋ ಲೆಕ್ಕ ಇರತ್ತೆ ಅಂದ್ಕೊಂಡ್ವಿ."

"ಒಬ್ಬರಿಗೊಬ್ಬರು ಮಾತೇ ಆಡಿಲ್ಲ ಅಣ್ಣ" ಎಂದರು ಹೊಲಿಗೆ ಅಕ್ಕ, ಹೆಮ್ಮೆಯಿಂದ. "ಆದ್ರೂ ಎಂಟು ಮನೆಯವ್ರೂ ಒಂದೇ ಜಾಗಕ್ಕೆ ಇಟ್ಟಿದೀವಿ. ನಮ್ಮ ಬಿಲ್ಡಿಂಗಲ್ಲಿ ಇಷ್ಟು ಒಗ್ಗಟ್ಟು ಯಾವತ್ತಿತ್ತು ಹೇಳಿ?"

ಚಾಳೀಸಪ್ಪ ಒಳಗೆ ಬಂದು ನೋಟ್‌ಬುಕ್ ತೆಗೆದ. ಒಂಬತ್ತನೇ ಪಾಠದಲ್ಲಿ ಅವನೇ ಬರೆದಿದ್ದ: ಯಾರ ಬಲವಂತವೂ ಇಲ್ಲದೆ ಎಲ್ಲರೂ ಬಂದು ನಿಲ್ಲುವ ಜಾಗವೇ ಸಮತೋಲನ, ಅಲ್ಲಿಂದ ತಾನೊಬ್ಬನೇ ಕದಲಿದರೆ ತನಗೇ ತ್ರಾಸ ಎಂದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ.

ಪಾಠದಲ್ಲಿ ಎರಡೇ ಜನರ ಉದಾಹರಣೆಯಿತ್ತು. ಅವನು ಎಂಟು ಮನೆಗಳಲ್ಲಿ, ಅದೂ ಒಂದೇ ಮಧ್ಯಾಹ್ನದಲ್ಲಿ ಮಾಡಿ ತೋರಿಸಿದ್ದ. ಅಷ್ಟು ಸಂಕಟದಲ್ಲೂ ಅವನ ಎದೆ ಒಂದಿಷ್ಟು ಉಬ್ಬಿತು. ಆ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ "ಸಾಬೀತಾಗಿದೆ" ಎಂದು ಬರೆದು, ಎದ್ದು ಹೋಗಿ ಕಿಟಕಿ ಮುಚ್ಚಿದ. ಎಣ್ಣೆ ಬಿಟ್ಟಿದ್ದರಿಂದ ಚಿಲಕ ಸಲೀಸಾಗಿ ಬಿತ್ತು.