ನಮ್ಮ ಗೋಡೆಯ ಮೇಲೆ ಊರವರ ಮನೆ

ಗೋಡೆಗೆ ಬಣ್ಣ ಬಳಿಯುವವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. ಕೆಮ್ಮಣ್ಣು ಕಲಸಿದ ಬಕೀಟು ಹಿಡಿದು ಯಾರ ಮನೆ ಮುಂದೆ ನಿಂತರೂ ಅದು ತಾನಾಗಿ ಬರುತ್ತದೆ. ಗಣಿಯಲ್ಲಿ ಬಿಳಿ ದೊರೆಗಳಿದ್ದ ಕಾಲಕ್ಕೆ ನಾನು ಬಂಗಾರಪೇಟೆಯಲ್ಲಿ ಈ ಕೆಲಸ ಮಾಡಿಕೊಂಡಿದ್ದೆ. ಅಲ್ಲಿ ಗಣಿಯಲ್ಲಿ ಜನ ಪಾತಾಳಕ್ಕೆ ಇಳಿದು ಚಿನ್ನ ತೆಗೆಯುತ್ತಿದ್ದರು. ಇಲ್ಲಿ ನಾನು ಒಂದು ಮೊಳ ಅಗೆದರೆ ಸಾಕು, ಕೆಂಪು. ನಾಲ್ಕು ಹೆಜ್ಜೆ ಆಚೆ ಹಳದಿ. ಕೆರೆ ಏರಿ ದಾಟಿದರೆ ಅರಿಶಿನಕ್ಕೂ ಬೆಲ್ಲಕ್ಕೂ ನಡುವಿನ ಇನ್ನೊಂದು. ಕಾಲ ಕೆಳಗೆ ಇಷ್ಟೊಂದು ಬಣ್ಣ ಇಟ್ಟವನು ಯಾರಪ್ಪಾ ಎಂದು ಇವತ್ತಿಗೂ ಬೆರಗಾಗುತ್ತೇನೆ.

ಅದಕ್ಕಿಂತ ದೊಡ್ಡ ಬೆರಗು ನನ್ನ ಹೆಂಡತಿ. ಸುಣ್ಣಕ್ಕೆ ಯಾವ ಮಣ್ಣು ಎಷ್ಟು ಬಿದ್ದರೆ ಒಣಗಿದ ಮೇಲೆ ಹೇಗೆ ಕಾಣುತ್ತದೆ ಎಂದು ಅವಳು ಕಣ್ಣಲ್ಲೇ ಅಳೆದು ಹೇಳುತ್ತಿದ್ದಳು. ಊರಿಗೆಲ್ಲ ಬಣ್ಣ ಹೇಳಿದ ಅವಳ ಮನೆಗೆ ಮಾತ್ರ ಒಂದು ನೆಟ್ಟಗಿನ ಬಣ್ಣ ಇರಲಿಲ್ಲ. ಅದಕ್ಕೆ ಕಾರಣ ನಾನೇ.

ಒಣಗದ ಬಣ್ಣ

ಕೆಲಸ ಕಲಿತ ಹೊಸತು. ಎಣ್ಣೆ ಮಂಡಿಯ ಯಜಮಾನರ ಮನೆಯಲ್ಲಿ ಮದುವೆ. ಗೋಡೆಯ ಮೇಲೆ ಒಂದು ಗೀಟು ಎಳೆದು ತೋರಿಸಿದೆ. ಒದ್ದೆ ಕೆಮ್ಮಣ್ಣು ಮಾಗಿದ ಹಣ್ಣಿನ ಹಾಗೆ ಹೊಳೆಯಿತು. “ಇದೇ ಬಳಿ” ಎಂದರು. ಇಡೀ ಮನೆ ಬಳಿದೆ. ಸಂಜೆಗೆ ಒಣಗಿ ಹಳೇ ಹೆಂಚಿನಂತಾಯಿತು.

“ಏನ್ಲಾ, ಬೆಳಿಗ್ಗೆ ನಾನು ಒಪ್ಪಿದ್ ಬಣ್ಣ ಎಲ್ಲೋಯ್ತು?”

“ಒಣಗೋಯ್ತು ಯಜಮಾನ್ರೇ.”

“ಒಣಗದಂಗೆ ಬಳೀಬೇಕಾಗಿತ್ತು ಕಣ್ಲಾ!”

ನಾನು ತಲೆ ಕೆರೆದುಕೊಂಡು ಬಂದೆ. ಅವರು ಮಾತ್ರ ಸೋಲುವ ಆಸಾಮಿ ಅಲ್ಲ. ಮದುವೆ ದಿನ ಒಬ್ಬ ಆಳಿಗೆ ಬಿಂದಿಗೆ ಕೊಟ್ಟು ಮುಹೂರ್ತದಿಂದ ಊಟದವರೆಗೂ ಗೋಡೆಗೆ ನೀರು ಎರಚಿಸಿದರು. ಮನೆ ನಿಜಕ್ಕೂ ಹೊಳೆಯಿತು. ಉಂಡವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಆ ಗೋಡೆಗೇ ಒರಗಿದರು. ಅವತ್ತು ಸಂಜೆ ರೈಲ್ವೆ ಸ್ಟೇಶನ್ನಿನಲ್ಲಿ ಯಾರು ಎಲ್ಲಿ ಉಂಡು ಬಂದರೆಂದು ಕೇಳಬೇಕಾಗಿರಲಿಲ್ಲ, ಬೆನ್ನು ನೋಡಿದರೆ ಸಾಕಾಗಿತ್ತು.

ಆಮೇಲೆ ನನ್ನ ಹೆಂಡತಿ ಒಂದು ಕಟ್ಟಳೆ ಮಾಡಿದಳು: “ಒದ್ದೆ ಬಣ್ಣ ಯಾರೂ ಒಪ್ಪಂಗಿಲ್ಲ. ಮೊದ್ಲು ನಮ್ ಗೋಡೆ ಮೇಲೆ ಬಳಿ. ಒಂದಿನ ಒಣಗ್ಲಿ. ಆಮ್ಯಾಕೆ ಕರ್ಕೊಂಡ್ ಬಂದ್ ತೋರ್ಸು.” ಹೀಗೆ ನಮ್ಮ ಗೋಡೆಗೆ ಮೊದಲ ತೇಪೆ ಬಿತ್ತು.

ದೊರೆಸಾನಿಯ ಟೀ

ಗಣಿ ದೊರೆಗಳಿದ್ದ ಚಾಂಪಿಯನ್ ರೀಫ್ಸಿನ ಬಂಗಲೆಯೊಂದರಿಂದ ಕರೆ ಬಂತು. ದೊರೆಸಾನಿ ಹೊರಗೋಡೆಗೆ ಬೇಕಾದ ಬಣ್ಣ ತೋರಿಸಲು ತಾನು ಕುಡಿಯುತ್ತಿದ್ದ ಹಾಲು ಬೆರೆತ ಟೀಯನ್ನೇ ನನ್ನ ಮುಂದೆ ಹಿಡಿದಳು. “ಇದೇ ಕಲರ್ ವೇಣುಮಾಂ, ಬೇಕಂತೆ” ಎಂದ ಬಟ್ಲರು, ಅದೇ ಟೀಯನ್ನು ಒಂದು ಸೀಸೆಗೆ ಸುರಿದು ಕೊಟ್ಟ. ಎಂಟು ಮೈಲಿ ತುಳುಕದಂತೆ ತಂದು ಹೆಂಡತಿಯ ಕೈಗಿಟ್ಟು, ಹಳದಿ ಮಣ್ಣು ಜರಡಿ ಹಿಡಿಯಲು ಹಿತ್ತಲಿಗೆ ಹೋದೆ. ವಾಪಸು ಬಂದರೆ ಸೀಸೆ ಖಾಲಿ!

“ಟೀ ಎಲ್ಲೇ?”

“ನೋಡಾಯ್ತಲ್ಲ, ಕುಡ್ದೆ.”

ಅವಳು ಸುಣ್ಣಕ್ಕೆ ಎರಡು ಬೊಗಸೆ ಹಳದಿ, ಮೂರು ಬೆರಳಲ್ಲಿ ಎತ್ತಿದಷ್ಟು ಕೆಂಪು ಹಾಕಿ, ಗೋಡೆಗೊಂದು ತೇಪೆ, ಒಡೆದ ಹೆಂಚಿಗೊಂದು ತೇಪೆ ಬಳಿದಳು. ಮಾರನೆಯ ದಿನ ಆ ಹೆಂಚನ್ನು ಒಯ್ದೆ. ದೊರೆಸಾನಿ ಹೊಸ ಟೀ ತರಿಸಿ ಪಕ್ಕದಲ್ಲಿ ಹಿಡಿದು ನೋಡಿದಳು, ಗಂಡನನ್ನು ಕೂಗಿದಳು. ಅವರಿಬ್ಬರೂ ಹೆಂಚು ನೋಡುವುದು, ಟೀ ನೋಡುವುದು. ನನಗಂತೂ ಮೈ ಜುಮ್ಮೆಂದಿತು. ಒಂದು ಗುಟುಕಿನ ನೆನಪಿನಲ್ಲಿ ಹೀಗೆ ಬಣ್ಣ ಕಲಸುವ ಕೈ ನಮ್ಮ ಮನೆಯಲ್ಲಿ ರಾಗಿ ಮುದ್ದೆ ಕಟ್ಟುತ್ತಿದೆಯಲ್ಲಾ!

ಓಡಿ ಬಂದು ಹೇಳಿದೆ. ಅವಳು ಕೇಳಿದ್ದಿಷ್ಟೇ: “ಸಕ್ಕರೆ ಸಾಲ್ದು ಅಂತ ಅಂದ್ಯಾ ಅವ್ರಿಗೆ?”

ಗಾಳಿಯ ಬಣ್ಣ

ಗಣಿಯಲ್ಲಿ ಮೇಸ್ತ್ರಿಯಾಗಿದ್ದವರೊಬ್ಬರ ಮನೆ ಸೈನೈಡು ದಿಬ್ಬದ ಮಗ್ಗುಲಿಗಿತ್ತು. ಸೈನೈಡು ಹಾಕಿ ಚಿನ್ನ ತೆಗೆದು ಸುರಿದ ಮಣ್ಣು ಅಲ್ಲಿ ಗುಡ್ಡವಾಗಿ ಬಿದ್ದಿತ್ತು. ಒಂದು ವರ್ಷ ಕೆಂಪು ಬಳಿದೆ, ಇನ್ನೊಂದು ವರ್ಷ ಹಳದಿ, ಮತ್ತೊಂದು ವರ್ಷ ಇಟ್ಟಿಗೆ ಬಣ್ಣ. ಗಾಳಿ ತಿಂಗಳು ಬಂತೆಂದರೆ ಆ ಗುಡ್ಡದ ಧೂಳು ಕೂತು ಎಲ್ಲವೂ ಬೂದಿ ಬಣ್ಣ. ಮೇಸ್ತ್ರಿ ನನ್ನನ್ನೇ ಬಯ್ಯುತ್ತಿದ್ದರು.

“ಗಾಳಿ ಏನ್ ಬಳೀತದೋ ನೀನೂ ಅದ್ನೇ ಬಳಿ” ಎಂದಳು ನನ್ನವಳು. ಆ ದಿಬ್ಬದ ಬಣ್ಣವನ್ನೇ ಕಲಸಿ ಬಳಿದು ಬಂದೆ. ಗಾಳಿ ತಿಂಗಳು ಕಳೆದ ಮೇಲೆ ಮೇಸ್ತ್ರಿ ಸಿಕ್ಕಾಗ ಎದೆಯುಬ್ಬಿಸಿ ಹೇಳಿದರು: “ನಮ್ ಬೀದೀಲಿ ಬಣ್ಣ ಕೆಡದ ಮನೆ ನಂದೊಂದೇ ನೋಡಯ್ಯಾ!”

ಹಿಮ್ಮಡಿ

ಅಷ್ಟು ಹೊತ್ತಿಗೆ ನಮ್ಮ ಗೋಡೆಯಲ್ಲಿ ತೇಪೆ ಬೀಳದ ಜಾಗವೇ ಉಳಿದಿರಲಿಲ್ಲ. ಮಗಳೂ ಮದುವೆಯ ವಯಸ್ಸಿಗೆ ಬಂದಿದ್ದಳು. ಕಾಮಸಮುದ್ರದವರು ಶುಕ್ರವಾರ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

“ಇಗಾ, ಈ ಗೋಡೆ ಇಟ್ಕೊಂಡು ನಾನು ಬೀಗರನ್ನ ಒಳೀಕೆ ಕರೆಯಾಕಿಲ್ಲ. ನಮ್ ಮಗಳ ಬಾಳಿದು. ಒಂದೇ ಬಣ್ಣ ಬಳಿ” ಎಂದು ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು.

“ಆಗ್ಲಿ ಕಣೇ. ಯಾವ್ದು ಬಳೀಲಿ?”

ದೊರೆಸಾನಿಯ ಟೀ ಒಂದೇ ನೋಟಕ್ಕೆ ಹಿಡಿದವಳು ತನ್ನ ಗೋಡೆಯ ಮುಂದೆ ಮೂರು ದಿನ ನಿಂತಳು. ಇದು ಕೆಂಪಾಯಿತು, ಇದು ಮಬ್ಬಾಯಿತು, ಇದು ಪಕ್ಕದ ಮನೆಯವರದೇ ಆಯಿತು. ನನಗೆ ನಗುವೂ ಬಂತು, ಕರುಳೂ ಚುರ್ರೆಂದಿತು. ಗುರುವಾರ ಸಂಜೆಗೆ ಗೋಡೆ ಒಂದೇ ಬಣ್ಣವಾಗುವ ಬದಲು ಹನ್ನೊಂದು ಹೊಸ ತೇಪೆ ಬಿದ್ದಿದ್ದವು.

ಶುಕ್ರವಾರ ಬೆಳಗಿನ ರೈಲಿಗೇ ಅವರು ಬಂದಿಳಿದರು. ಸ್ಟೇಶನ್ನಿನಿಂದ ಬಿಸಿಲಲ್ಲಿ ನಡೆದು, ಹೆದರಿಕೆಯೂ ಸೇರಿ, ಹುಡುಗ ಬೆವರಲ್ಲಿ ತೊಯ್ದು ತೊಪ್ಪೆಯಾಗಿದ್ದ. ಅವನ ತಾಯಿ ಜಗುಲಿಯ ಮುಂದೆ ನಿಂತವರೇ “ಅಯ್ಯೋ ದೇವುಡಾ, ಗೋಡೇಗೇನ್ರಮ್ಮಾ ಸಿಡುಬು!” ಎಂದರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಬಂಧ ಮುರಿಯಿತೆಂದೇ ಎಣಿಸಿದೆ.

ಪಾನಕ ಹಿಡಿದು ಬಂದ ಮಗಳು ತಲೆ ತಗ್ಗಿಸಿ ಹೋಗಬೇಕಾದವಳು ನಿಂತೇ ಬಿಟ್ಟಳು. “ಸಿಡುಬಲ್ಲ ಅತ್ತೆ. ಇದು ಎಣ್ಣೆ ಮಂಡಿಯೋರ ಮನೆ. ಇದು ದೊರೆಸಾನಿ ಟೀ. ಇದು ಗಣಿ ಗಾಳಿ.” ಒಂದೊಂದು ತೇಪೆಯ ಮಣ್ಣು ಎಲ್ಲಿಯದು, ಯಾವುದು ಎಷ್ಟು ಮಳೆ ತಡೆಯಿತು, ಎಲ್ಲ ಹೇಳಿದಳು. ಇದನ್ನೆಲ್ಲ ಇವಳು ಯಾವಾಗ ಕಲಿತಳು? ನಾನು ಬಾಯಿ ತೆರೆದುಕೊಂಡು ನಿಂತೆ. ಆ ತಾಯಿಯೂ ಪಾನಕ ಮರೆತು ಗೋಡೆಯುದ್ದಕ್ಕೂ ಅವಳ ಹಿಂದೆ ನಡೆದರು.

“ನಮ್ದು ಪಡುವಲ ಬಾಗ್ಲು. ಬಿಸ್ಲು ಒಡೀತದೆ. ಯಾವ ಬಣ್ಣ ನಿಲ್ತದಮ್ಮಾ?”

ಮಗಳು ಮೊದಲ ಸಲ ಹುಡುಗನ ಕಡೆ ತಿರುಗಿದಳು. ಮುಖವನ್ನಲ್ಲ, ಅವನ ಹಿಮ್ಮಡಿಯನ್ನು ನೋಡಿದಳು. ಅಲ್ಲಿ ಅವರ ಹೊಲದ ಮಣ್ಣು ಒಣಗಿ ಹಿಡಿದಿತ್ತು. “ಇವ್ರ್ ಇಮ್ಮಡೀಲಿ ಅದ್ಯಲ್ಲ, ಆ ಮಣ್ಣೇ ಚೆಂದಾಗ್ ನಿಲ್ತದೆ. ಸುಣ್ಣ ಕಮ್ಮಿ ಆಕ್ಬೇಕು.”

ಎಲ್ಲರೂ ಹುಡುಗನ ಹಿಮ್ಮಡಿ ನೋಡಿದೆವು. ಅವನು ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

“ನಮ್ಗೆ ಹುಡ್ಗಿ ಒಪ್ಪಿಗೆ” ಎಂದರು ಅವನ ತಾಯಿ. “ನಿಂಗೆ ನನ್ ಮಗ ಒಪ್ಪಿಗೇನಮ್ಮಾ?”

ಮಗಳು ಬೆವರು ಸುರಿಯುತ್ತಿದ್ದ ಅವನನ್ನು ಒಂದು ಸಲ ನೋಡಿದಳು. “ನಮ್ಮನೇಲಿ ಒದ್ದೆ ಇದ್ದಾಗ ಒಪ್ಪಂಗಿಲ್ಲ ಅತ್ತೆ. ಒಂದಿನ ಒಣಗ್ಲಿ.”

ಆ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅಲ್ಲೇ ಜಗುಲಿ ಮೇಲೆ ಕೂತರು. ಒಂದು ದಿನ ಉಳಿದೇ ಹೋಗುವುದೆಂದಾಯಿತು.

ಮಾರನೆಯ ಬೆಳಿಗ್ಗೆ ಹುಡುಗ ಸ್ನಾನ ಮಾಡಿ, ತಲೆ ಬಾಚಿ, ಬಿಳಿ ಅಂಗಿ ತೊಟ್ಟು ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಗಳು ನೀರು ತರಲು ಹೊರಬಂದಳು. ಅವನು ಗಡಬಡಿಸಿ ಎದ್ದು ದಾರಿ ಬಿಟ್ಟು ತಿರುಗಿದ. ಒಣಗಿದ ಸುಣ್ಣವೂ ಅಂಗಿಗೆ ಅಂಟಿ, ಬೆನ್ನ ತುಂಬ ಹನ್ನೊಂದೂ ಬಣ್ಣ.

ಅವಳು ಬಿಂದಿಗೆ ಕೆಳಗಿಟ್ಟು ಒಳಕ್ಕೆ ಕೂಗಿದಳು: “ಅಮ್ಮಾ, ಒಪ್ಪಿಗೆ ಅಂತ ಏಳ್ಬಿಡು. ಇವ್ರಿಗೆ ನಮ್ಮನೆ ಬಣ್ಣ ಎಲ್ಲಾ ಇಡ್ದದೆ!”