ಫೋನಿನಿಂದ ಯಾರನ್ನ ಇಳಿಸೋದು?

ಹೆಂಡತಿ: ನನ್ನ ತಂಗಿ ಮೇಲೆ ಕೈ ಇಟ್ರೆ ಚೆನ್ನಾಗಿರಲ್ಲ, ಈಗ್ಲೇ ಹೇಳಿದೀನಿ!

ಗಂಡ: ಇಟ್ಟಾಯ್ತಲ್ಲ, ಫೋಟೋ ಮೇಲೆ ಟಿಕ್ ಬಿದ್ದಿದೆ. ಅಳಿಸಪ್ಪ ನೀನು.

ಮೊಬೈಲ್ ರಿಪೇರಿಯವನು ಅಳಿಸಲಿಲ್ಲ. ನಡುವಯಸ್ಸಿನ ಮನುಷ್ಯ, ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಇಬ್ಬರ ಮುಖವನ್ನೂ ನೋಡಿದ. ಗಂಡ ಹೆಂಡತಿ ಓಡೋಡಿ ಅಂಗಡಿಗೆ ಬಂದು ಒಂದು ಗಂಟೆಯಾಗಿತ್ತು. ಮಗಳಿಗೆ ಹೆರಿಗೆಯಾಗಿದೆ, ಮೊದಲ ಮೊಮ್ಮಗು. ಅಳಿಯ ಫೋಟೋ ಕಳಿಸುತ್ತೇನೆಂದಿದ್ದಾನೆ. ಇಬ್ಬರಿಗೂ ಸೇರಿ ಇರುವ ಒಂದೇ ಒಂದು ಫೋನು ಮಾತ್ರ ‘ಜಾಗ ಇಲ್ಲ’ ಎಂದು ಹಟ ಹಿಡಿದು ಕೂತಿದೆ.

ಗಂಡ: ಜಾಗ ಇಲ್ಲ ಅಂದ್ರೇನು? ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದೋನು ನಾನು. ಜಾಗ ಇಲ್ಲ ಅನ್ನೋ ಮಾತೇ ನನ್ನ ಬಾಯಲ್ಲಿ ಬಂದಿಲ್ಲ. ಸ್ವಲ್ಪ ಒಳಗೆ ಸರೀರಿ ಅಂದ್ರೆ ಇನ್ನೂ ಹದಿನೈದು ಜನ ಹತ್ತೋರು.

ರಿಪೇರಿಯವ: ಇದು ಬಸ್ಸಲ್ಲ ಸಾರ್. ಹೊಸಬರು ಹತ್ಬೇಕಾದ್ರೆ ಹಳಬರು ಇಳೀಬೇಕು.

ಗಂಡ: ಹಾಗಾದ್ರೆ ಇವಳ ತವರಿನವರೆಲ್ಲ ಇಳೀಲಿ.

ಹೆಂಡತಿ: ನಿಮ್ಮಣ್ಣ ಇಳೀಲಿ ಮೊದಲು! ಒಂದೇ ಮದುವೇಲಿ ತೊಂಬತ್ತು ಫೋಟೋ. ತೊಂಬತ್ತರಲ್ಲೂ ಊಟಾನೇ ಮಾಡ್ತಿದಾರೆ.

ಗಂಡ: ಸುಳ್ಳು. ನಾಲ್ಕರಲ್ಲಿ ಕೈ ತೊಳೀತಿದಾನೆ.

ರಿಪೇರಿಯವ: ಜಗಳ ಬೇಡ. ಒಂದೇ ಫೋಟೋ ಎರಡೆರಡು ಸಲ ಇದ್ರೆ ಒಂದು ತೆಗೆದ್ರಾಯ್ತು. ನೋಡಿ, ಈ ಹುಡುಗಿ ಎರಡು ಸಲ ಇದಾಳೆ.

ಹೆಂಡತಿ: ಅಯ್ಯೋ, ಅವು ಅವಳಿ-ಜವಳಿ! ನನ್ನ ನಾದಿನಿ ಮಕ್ಕಳು.

ಗಂಡ: ಒಬ್ಬಳನ್ನ ಇಟ್ಟು ಒಬ್ಬಳನ್ನ ಅಳಿಸಿದ್ರೆ ನನ್ನ ತಂಗಿ ನನ್ನನ್ನ ಅವಳ ಮನೆ ಹೊಸಿಲು ದಾಟಕ್ಕೆ ಬಿಡ್ತಾಳಾ?

ರಿಪೇರಿಯವನು ನಿಟ್ಟುಸಿರು ಬಿಟ್ಟು ಮುಂದೆ ಸರಿಸಿದ. ಪರದೆಯ ತುಂಬ ಗುಲಾಬಿಗಳು.

ರಿಪೇರಿಯವ: ಈ ‘ಶುಭೋದಯ’ ಹೂವು ಎರಡು ಸಾವಿರ ಇದಾವೆ. ತೆಗೀಲಾ?

ಹೆಂಡತಿ: ನಮ್ಮ ಓರಗಿತ್ತಿ ದಿನಾ ಕಳಿಸೋದು. ತೆಗೆದ್ರೆ ಅವಳಿಗೆ ಗೊತ್ತಾಗತ್ತಾ?

ರಿಪೇರಿಯವ: ಖಂಡಿತ ಗೊತ್ತಾಗಲ್ಲಮ್ಮ.

ಹೆಂಡತಿ: ಮತ್ತೇನು ಸುಖ? ಗೊತ್ತಾಗೋ ಹಾಗೆ ತೆಗಿಯಪ್ಪ.

ಗಂಡನಿಗೆ ತಾಳ್ಮೆ ತಪ್ಪಿತು. ಫೋನನ್ನು ಕಿತ್ತುಕೊಂಡು, ಟಿಕೆಟ್ ಹರಿಯುವವನಂತೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಪರದೆಯ ಮೇಲೆ ಎಳೆದ.

ರಿಪೇರಿಯವ: ಸಾರ್, ಎಂಜಲು ಹಚ್ಬೇಡಿ! ಒದ್ದೆ ಬೆರಳಿಗೆ ಅದು ಮಾತು ಕೇಳಲ್ಲ.

ಗಂಡ: ಒಣ ಬೆರಳಿಗೆ ಕೇಳಿದ್ಯಾವಾಗ?

ರಿಪೇರಿಯವನು ಫೋನನ್ನು ಒರೆಸಿ ಮತ್ತೆ ಹುಡುಕಿದ. ಥಟ್ಟನೆ ಅವನ ಹುಬ್ಬು ಮೇಲೇರಿತು.

ರಿಪೇರಿಯವ: ಕಳ್ಳ ಸಿಕ್ಕಿದ! ಇನ್ನೂರ ಹದಿನಾರು ವಿಡಿಯೋ. ‘ಫೋನಿನಲ್ಲಿ ಜಾಗ ಉಳಿಸಲು ಹತ್ತು ಉಪಾಯ.’ ಇಲ್ಲೊಂದು, ‘ಇನ್ನೂ ಹತ್ತು ಉಪಾಯ.’

ಗಂಡ: ಅದನ್ನ ಮುಟ್ಬೇಡ! ಜಾಗ ಇಲ್ದಿದ್ದಾಗ ಬೇಕಾಗತ್ತೆ ಅಂತ ಕೂಡಿಟ್ಟಿದೀನಿ.

ರಿಪೇರಿಯವ: ಒಂದಾದ್ರೂ ನೋಡಿದ್ರಾ?

ಗಂಡ: ಹೇಗೆ ನೋಡ್ಲಿ? ಜಾಗ ಇಲ್ಲ ಅಂತ ತೆರೀತಾನೇ ಇಲ್ಲ.

ಹೆಂಡತಿ ಗಂಡನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಿಪೇರಿಯವನು ಇನ್ನೂರ ಹದಿನಾರನ್ನೂ ಒಂದೇ ಏಟಿಗೆ ಅಳಿಸಿದ. ಫೋನು ನಡುಗಿ ಟಣಟಣ ಸದ್ದು ಮಾಡಿತು.

ಹೆಂಡತಿ: ಬಂತಾ? ಮಗು ಬಂತಾ?

ರಿಪೇರಿಯವ: ಫೋಟೋ ಅಲ್ಲಮ್ಮ, ಅಳಿಯಂದಿರು ಬರೆದಿದಾರೆ. ‘ಅತ್ತೆ, ಮಾವ, ಎಲ್ಲಿದೀರಿ? ನರ್ಸ್ ನಿಮ್ಮನ್ನ ಒಳಗೆ ಬಿಡ್ತೀನಿ ಅಂದು ಮುಕ್ಕಾಲು ಗಂಟೆ ಆಯ್ತು. ಬೇಗ ಬನ್ನಿ, ಮಗು ಕಣ್ಣು ಬಿಟ್ಟಿದೆ.’ ಆಸ್ಪತ್ರೆ ಯಾವ ಊರಲ್ಲಿ? ಬಸ್ಸು ಎಷ್ಟು ಹೊತ್ತಿಗಿದೆ?

ಗಂಡ: ಬಸ್ಸಾ? ಅದೇ ಕಣಪ್ಪ ಆಸ್ಪತ್ರೆ.

ಅವನು ರಸ್ತೆಯಾಚೆಗಿನ ಹಸಿರು ಕಟ್ಟಡದತ್ತ ಬೆರಳು ತೋರಿಸಿದ.

ಗಂಡ: ಎರಡನೇ ಮಹಡಿ. ಕೆಳಗಿರಿ, ಫೋಟೋ ಕಳಿಸ್ತೀವಿ ಅಂದ್ರು. ಕೆಳಗೆ ಬಂದ್ವಿ.

ರಿಪೇರಿಯವನು ಸ್ವಲ್ಪ ಹೊತ್ತು ಹಣೆ ಹಿಡಿದುಕೊಂಡ. ಹೆಂಡತಿ ಆಗಲೇ ಅಂಗಡಿಯ ಮೆಟ್ಟಿಲಿಳಿದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಗಂಡ: ತಡಿಯೇ! ಮಗು ಫೋಟೋ ಚೆನ್ನಾಗಿ ಬರೋಕೆ ಒಂದು ಉಪಾಯ ಹೇಳಪ್ಪ.

ರಿಪೇರಿಯವ: ಫೋನ್ ಜೇಬಿಗೆ ಹಾಕಿ ಸಾರ್. ಮಗೂನ ಎತ್ಕೊಳಕ್ಕೆ ಎರಡು ಕೈ ಬೇಕು.

ಹೆಂಡತಿ: ಹಾಗಾದ್ರೆ ಫೋಟೋ ಹಿಡಿಯೋರ್ಯಾರು? ನೀನೂ ನಡಿ.

ರಿಪೇರಿಯವ: ನಾನಾ? ನೆಂಟರನ್ನ ಬಿಟ್ರೆ ಬೇರೆಯವರನ್ನ ಒಳಗೆ ಸೇರಿಸಲ್ವಲ್ಲಮ್ಮ.

ಹೆಂಡತಿ: ನನ್ನ ತಮ್ಮ ಅಂತೀನಿ.

ಅಂಗಡಿಯ ಶಟರು ಅರ್ಧ ಇಳಿಯಿತು. ಹೆಂಡತಿ ರಿಪೇರಿಯವನ ಮೊಣಕೈ ಹಿಡಿದು ಎಳೆದುಕೊಂಡೇ ಹೊರಟಳು. ಗಂಡ ನಡುರಸ್ತೆಯಲ್ಲಿ ಗಕ್ಕನೆ ನಿಂತ. ಎರಡೂ ಕಡೆಯಿಂದ ಹಾರ್ನ್ ಕೂಗಿದವು.

ಗಂಡ: ನಿನ್ನ ತಮ್ಮ ಹೇಗಾಗ್ತಾನೆ? ಮೂಗು ನೋಡು ಅವನದ್ದು, ಥೇಟ್ ನಮ್ಮ ಕಡೆಯದು!